ಮಾವನ ಮೂಗು

ನಮ್ಮ ಕರಾವಳಿಯವರಲ್ಲಿ ಒಂದು ಚಾಳಿ ಉಂಟು. ಮಗು ಹುಟ್ಟಿದ್ದೇ ತಡ, ತೊಟ್ಟಿಲಿನ ಸುತ್ತ ಹೆಂಗಸರ ಪಂಚಾಯಿತಿ ಕೂರುತ್ತದೆ. ಕಣ್ಣು ಯಾರದ್ದು, ಹಣೆ ಯಾರದ್ದು, ಕಿವಿ ಯಾರದ್ದು ಎಂದು ತೀರ್ಪಾಗುತ್ತದೆ. ಸೋದರಮಾವನ ಆಸ್ತಿ ಅಕ್ಕತಂಗಿಯರ ಮಕ್ಕಳಿಗೆ ಹೋಗುವ ಅಳಿಯಕಟ್ಟಿನ ಮನೆಯಲ್ಲಿ ಗಂಡುಮಗು ಹುಟ್ಟಿದರಂತೂ ತೀರ್ಪು ಮೊದಲೇ ಗೊತ್ತು. ಅಪ್ಪನದ್ದು ಏನೂ ಇಲ್ಲ, ಎಲ್ಲ ಸೋದರಮಾವನದ್ದೇ. ಸಂತು ಹುಟ್ಟಿದಾಗಲೂ ಹಾಗೇ ಆಯಿತು. "ಮೂಗು ನೋಡಿ, ನಮ್ಮ ಶೇಖರನದ್ದೇ ಅಚ್ಚು," ಎಂದರು ಅಜ್ಜಿ. ಮುಂಬಯಿಯಲ್ಲಿ ಹೋಟೆಲಿಟ್ಟಿದ್ದ ಶೇಖರ ಶೆಟ್ಟರಿಗೆ ಫೋನಿನಲ್ಲಿ ಆ ಮಾತು ಕೇಳಿ ಎದೆಯುಬ್ಬಿತು. ಅವತ್ತು ಹೋಟೆಲಿಗೆ ಬಂದವರಿಗೆಲ್ಲ ಶೀರಾ ಪುಕ್ಕಟೆ.

ಆ ಮೂಗು ಹೇಗಿತ್ತು ಎಂದು ಕೇಳಿದರೆ, ಮೂಗಿನ ಹಾಗೇ ಇತ್ತು. ಉಸಿರಾಡಲು ಎರಡು ತೂತು, ಕನ್ನಡಕ ಕೂರಲು ಒಂದು ದಿಣ್ಣೆ. ಅದರಿಂದ ಯಾರಿಗೂ ತೊಂದರೆ ಇರಲಿಲ್ಲ.

ಪಿಯುಸಿ ಮುಗಿಸಿದ ಸಂತುವನ್ನು ಮಾವ ಮುಂಬಯಿಗೆ ಕರೆಸಿಕೊಂಡರು. ಬೈಕುಲ್ಲಾದ ತರಕಾರಿ ಮಾರ್ಕೆಟಿನ ಹಿಂದಿನ ಗಲ್ಲಿಯಲ್ಲಿ ಅವರ ಹೋಟೆಲು. ಅತ್ತೆ ಮಕ್ಕಳೊಂದಿಗೆ ಊರಲ್ಲೇ ಇದ್ದರು. ಮಾವ ಅಳಿಯ ಇಬ್ಬರೇ ಆಂಟಾಪ್ ಹಿಲ್ಲಿನ ಒಂದು ಬಿಲ್ಡಿಂಗಿನ ರೂಮಿನಲ್ಲಿ. ಬೆಳಿಗ್ಗೆ ಒಟ್ಟಿಗೆ ಹೊರಡುವುದು, ರಾತ್ರಿ ಒಟ್ಟಿಗೆ ಬರುವುದು. ಮಾತು ಮಾತ್ರ ಹೋಟೆಲಿನದ್ದೇ. ನಾಳೆಗೆ ತೆಂಗಿನಕಾಯಿ ಉಂಟಾ, ಗ್ಯಾಸ್ ಬಂತಾ, ಅಷ್ಟೇ. ಮಾವನಿಗೆ ಅಳಿಯನೆಂದರೆ ಜೀವ. ಆದರೆ ಅದನ್ನು ಬಾಯಿಬಿಟ್ಟು ಹೇಳುವುದನ್ನು ನಮ್ಮ ಗಂಡಸರಿಗೆ ಯಾರೂ ಕಲಿಸಿಲ್ಲ.

ಕೆಲವು ವರ್ಷ ಟೇಬಲ್ ಒರೆಸಿ, ಸಪ್ಲಾಯರ್ ಆಗಿ ಓಡಾಡಿ, ಕೊನೆಗೆ ಸಂತು ಹಣ ತೆಗೆದುಕೊಳ್ಳುವ ಗಲ್ಲೆಯಲ್ಲಿ ಕೂತ. ಬಿಲ್ಲಿನ ಹಣ ಕೊಡಲು ಬಂದ ಹಳೇ ಗಿರಾಕಿಗಳು ತಮಾಷೆ ಮಾಡುತ್ತಿದ್ದರು. "ಶೆಟ್ರೇ, ಇವ ನಿಮ್ಮ ಅಳಿಯ ಅಂತ ಬೋರ್ಡ್ ಹಾಕುವುದು ಬೇಡ. ಮೂಗೇ ಹೇಳ್ತದೆ." ಮಾವ ಮೀಸೆಯಡಿಯಲ್ಲಿ ನಗುತ್ತಿದ್ದರು. ಸಂತುವೂ ನಗುತ್ತಿದ್ದ, ಕೊರೋನಾ ಬರುವವರೆಗೆ.

ಹೋಟೆಲು ಮುಚ್ಚಿತು. ಇಬ್ಬರೂ ರೂಮಿನಲ್ಲಿ ಬಂದಿ. ಹೊತ್ತು ಹೋಗದೆ ಸಂತು ಊರಿಗೆ, ಗೆಳೆಯರಿಗೆ ವಿಡಿಯೋ ಕಾಲ್ ಮಾಡುತ್ತ ಕೂತ. ಫೋನಿನ ಮೂಲೆಯಲ್ಲಿ ಅವನದ್ದೇ ಮುಖದ ಒಂದು ಚಿಕ್ಕ ಚೌಕ. ಅಷ್ಟು ಹೊತ್ತು ತನ್ನ ಮುಖವನ್ನು ತಾನೇ ನೋಡಿದ್ದು ಅದೇ ಮೊದಲು. ಮೂಗು ಮುಂದೆ ಮುಂದೆ ಬಂದ ಹಾಗೆ ಕಂಡಿತು. ಫೋನನ್ನು ಹತ್ತಿರ ಹಿಡಿದರೆ ಮುಂದಿನ ಕ್ಯಾಮರಾ ಯಾರ ಮೂಗನ್ನಾದರೂ ದೊಡ್ಡದು ಮಾಡಿ ತೋರಿಸುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ನಂಬುತ್ತಿದ್ದನೋ ಇಲ್ಲವೋ. ಒಮ್ಮೆ ಒಳಹೊಕ್ಕ ಆ ಯೋಚನೆ ಬಾಡಿಗೆ ಕೊಡದ ಬಾಡಿಗೆದಾರನ ಹಾಗೆ ಅಲ್ಲೇ ಕೂತುಬಿಟ್ಟಿತು.

ಹೋಟೆಲು ಮತ್ತೆ ತೆರೆದಾಗ ಎಲ್ಲರ ಮುಖಕ್ಕೂ ಮಾಸ್ಕ್. ಸಂತುವಿಗೆ ಹಾಯೆನಿಸಿತು. ದಿನ ಕಳೆದ ಹಾಗೆ ಎಲ್ಲರ ಮಾಸ್ಕೂ ಹೋಯಿತು, ಅವನದ್ದು ಉಳಿಯಿತು. ಇಲ್ಲಿ ನಮ್ಮ ಶೇಖರ ಶೆಟ್ಟರು ಒಂದು ತಪ್ಪು ಮಾಡಿದರು, ಹೋಟೆಲಿನವರು ಮಾತ್ರ ಮಾಡಬಹುದಾದ ತಪ್ಪು. ಅಳಿಯನ ಮಾಸ್ಕನ್ನು ಅವರು ಶುಚಿತ್ವ ಎಂದುಕೊಂಡರು.

"ನೋಡಿ ಕಲೀರಿ," ಎಂದು ಅಡುಗೆಯವರಿಗೂ ಸಪ್ಲಾಯರುಗಳಿಗೂ ಬೈದರು. "ನಿಮಗೆ ತಲೆಗೆ ಟೊಪ್ಪಿ ಹಾಕ್ಲಿಕ್ಕೂ ಉದಾಸೀನ. ಅವ ಗಲ್ಲೆಯಲ್ಲಿ ಕೂತ್ರೂ ಮಾಸ್ಕ್ ತೆಗಿಯುದಿಲ್ಲ." ತಪಾಸಣೆಗೆ ಬಂದ ಅಧಿಕಾರಿಯೂ ಹೊಗಳಿ ಹೋದ. ಹೊಗಳಿಕೆಯ ಮೇಲೆ ಹೊಗಳಿಕೆ ಬಿದ್ದು ಮಾಸ್ಕ್ ಇನ್ನೂ ಬಿಗಿಯಾಯಿತು. ಗಲ್ಲೆಯಲ್ಲಿ ಸರಿ, ಬಿಲ್ಡಿಂಗಿನ ತಾರಸಿಯಲ್ಲಿ ಬಟ್ಟೆ ಒಣಗಿಸುವಾಗಲೂ ಇವನಿಗೆ ಮಾಸ್ಕ್ ಯಾಕೆ ಎಂದು ಯಾರೂ ಕೇಳಲಿಲ್ಲ.

ಹೋಟೆಲಿನಲ್ಲಿ ಸ್ಟೀಲಿಗೆ ಬರವೇ? ಲೋಟ, ಜಗ್ಗು, ತಟ್ಟೆ, ಸಾಂಬಾರಿನ ಬಕೆಟು, ಎಲ್ಲದರಲ್ಲೂ ಮುಖ ಕಾಣುತ್ತದೆ, ಅದೂ ಉಬ್ಬಿದ ಮುಖ. ಸಂತು ನೋಡಬಾರದು ಎಂದುಕೊಳ್ಳುತ್ತಿದ್ದ, ನೋಡುತ್ತಿದ್ದ. ಮಾಸ್ಕ್ ಸರಿಸಿ ಬೆರಳಿನಿಂದ ಅಳೆಯುತ್ತಿದ್ದ. ಮಧ್ಯಾಹ್ನ ರೈಸ್ ಪ್ಲೇಟ್ ಊಟದ ಗದ್ದಲ ಮುಗಿದ ಮೇಲೆ ಕೆಲಸದವರೆಲ್ಲ ಒಟ್ಟಿಗೆ ಉಣ್ಣಲು ಕೂರುತ್ತಾರೆ. ದಿನದಲ್ಲಿ ನಗು ಕೇಳುವುದು ಆಗ ಮಾತ್ರ. ಸಂತು ತಟ್ಟೆ ಹಿಡಿದು ಅಕ್ಕಿಮೂಟೆಗಳ ಹಿಂದೆ ಹೋಗಿ, ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದ. ಆಚೆ ಕಡೆಯಿಂದ ನಗು ಕೇಳಿದಾಗಲೆಲ್ಲ ತನ್ನ ಮೂಗಿನ ಸುದ್ದಿಯೇ ಇರಬೇಕು ಎನಿಸುತ್ತಿತ್ತು. ಅರ್ಧ ತಟ್ಟೆ ಅನ್ನ ಹಾಗೇ ಉಳಿಯುತ್ತಿತ್ತು.

ಒಂದು ಸಲ, ಗೆಳೆಯನ ಮದುವೆಗೆ ಪುಣೆಗೆ ಹೋಗುತ್ತೇನೆ ಎಂದು ಸುಳ್ಳು ಹೇಳಿ, ಕುರ್ಲಾ ಸ್ಟೇಷನ್ನಿನ ಹತ್ತಿರದ ಒಂದು ಬ್ಯೂಟಿ ಕ್ಲಿನಿಕ್ಕಿಗೆ ಹೋದ. ಅಲ್ಲಿ ಮೂಗಿಗೆ ಸೂಜಿಮದ್ದು ಚುಚ್ಚಿ ಆಕಾರ ಸರಿಮಾಡಿದರು. ಕೆಲವು ದಿನ ಅವನಷ್ಟು ಸುಖಿ ಇಡೀ ಮುಂಬಯಿಯಲ್ಲಿ ಇರಲಿಲ್ಲ. ಆಮೇಲೆ ತುದಿ ಸರಿಯಿಲ್ಲ ಎನಿಸಿತು. ಆಮೇಲೆ ಹೊಳ್ಳೆ ಸರಿಯಿಲ್ಲ. ಸೂಜಿ ಸಾಲದು, ದೊಡ್ಡ ಆಪರೇಷನ್ನೇ ಆಗಬೇಕು ಎಂದು ತೀರ್ಮಾನಿಸಿದ.

ಅಷ್ಟರಲ್ಲಿ ಊರಲ್ಲಿ ತಂಗಿಯ ಮದುವೆ ಬಂತು. ಮಂಟಪದಲ್ಲಿ ಮಾವ ಅಳಿಯ ಅಕ್ಕಪಕ್ಕ ನಿಂತು ಫೋಟೋ ತೆಗೆಸಿಕೊಳ್ಳಬೇಕು. ಒಂದೇ ಮೂಗು, ಎರಡು ಮುಖ. ಅದನ್ನು ನೆನೆಸಿಕೊಂಡ ಸಂತು ತೆಗೆಸಿದ್ದ ಟಿಕೆಟನ್ನು ಕ್ಯಾನ್ಸಲ್ ಮಾಡಿದ. ಜ್ವರ ಎಂದು ಹೇಳಿ ಮುಂಬಯಿಯಲ್ಲೇ ಉಳಿದ. ಅಮ್ಮ ಫೋನಿನಲ್ಲಿ ಅತ್ತರು. ಮಾವ ಊರಿಂದ ಬಂದ ಮೇಲೆ ಒಂದು ವಾರ ಮಾತಾಡಲಿಲ್ಲ. ಮದುವೆಯ ದಿನ ಆ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಕೂತ ಸಂತುವಿನಷ್ಟು ಒಂಟಿ ಜೀವ ಇನ್ನೊಂದಿರಲಿಲ್ಲ. ಇಷ್ಟು ಜನರಿರುವ ಮುಂಬಯಿಯಲ್ಲಿ ಒಬ್ಬನಿಗೂ ಅದು ಗೊತ್ತಾಗಲಿಲ್ಲ.

ಕುರ್ಲಾದ ಕ್ಲಿನಿಕ್ಕಿನವರು ಆಪರೇಷನ್ನಿಗೆ ಕೂಡಲೇ ಒಪ್ಪಿ, ದಿನವನ್ನೂ ಗೊತ್ತುಮಾಡಿದರು. ಯಾಕೆ, ಏನು ಎಂದು ಒಂದು ಪ್ರಶ್ನೆ ಕೇಳಲಿಲ್ಲ. ಆದರೂ ಒಂದು ಮಾತು ಕೇಳಿ ನೋಡೋಣ ಎಂದು ಸಂತು ದೊಡ್ಡ ಸರ್ಕಾರಿ ಆಸ್ಪತ್ರೆಯ ಪ್ಲಾಸ್ಟಿಕ್ ಸರ್ಜರಿ ವಿಭಾಗಕ್ಕೆ ಹೋದ. ಅಲ್ಲಿನ ಡಾಕ್ಟರಮ್ಮ ಮೂಗನ್ನು ಚೆನ್ನಾಗಿ ಪರೀಕ್ಷಿಸಿ, ಮೂಗು ಬಿಟ್ಟು ಬೇರೆಯೇ ಕೇಳಿದರು.

"ದಿನದಲ್ಲಿ ಎಷ್ಟು ಹೊತ್ತು ಈ ಯೋಚನೆ ಇರುತ್ತದೆ?"

"ಎದ್ದಾಗಿಂದ ಮಲಗುವವರೆಗೆ."

"ಇದರಿಂದಾಗಿ ಏನೇನು ಬಿಟ್ಟಿದ್ದೀ?"

ಸಂತು ಹೇಳಿದ. ಭಾನುವಾರದ ಕ್ರಿಕೆಟ್. ಫೋಟೋ. ಜನರೊಟ್ಟಿಗೆ ಊಟ. ತಂಗಿಯ ಮದುವೆ. ಅದನ್ನೆಲ್ಲ ಒಟ್ಟಿಗೆ ತನ್ನ ಬಾಯಿಂದಲೇ ಕೇಳಿದ್ದು ಅವನಿಗೆ ಅದೇ ಮೊದಲು.

ಡಾಕ್ಟರಮ್ಮ ಮೆಲ್ಲಗೆ ಹೇಳಿದರು. "ನಿನ್ನ ಮೂಗಿನಲ್ಲಿ ಕತ್ತರಿಸುವಂಥದ್ದು ನನಗೆ ಏನೂ ಕಾಣುತ್ತಿಲ್ಲ. ಆದರೆ ನಿನ್ನ ಕಷ್ಟ ಸುಳ್ಳಲ್ಲ. ಆ ಕಷ್ಟಕ್ಕೆ ಮದ್ದು ಕೊಡುವವಳು ನಾನಲ್ಲ. ಮೇಲಿನ ಮಾಳಿಗೆಯಲ್ಲಿ ಮನಸ್ಸಿನ ಡಾಕ್ಟರಿದ್ದಾರೆ, ಮೊದಲು ಅವರನ್ನು ನೋಡು."

ಸಂತು ಮೆಟ್ಟಿಲಿನವರೆಗೆ ಹೋದ. ಮೇಲಿನ ಬೋರ್ಡು ನೋಡಿದ. ಅಲ್ಲಿಂದಲೇ ತಿರುಗಿ ಹೊರಗೆ ಬಂದುಬಿಟ್ಟ. ಗೇಟಿನ ಹತ್ತಿರ ಯಾರೋ ಹೆಸರು ಹಿಡಿದು ಕೂಗಿದರು. ನೋಡಿದರೆ ಹರಿಣಿಯಕ್ಕ. ಅವರದ್ದೇ ಬಿಲ್ಡಿಂಗಿನ ಕೆಳಗಿನ ಮನೆಯಾಕೆ, ಈ ಆಸ್ಪತ್ರೆಯಲ್ಲಿ ನರ್ಸ್. ಸಂತುವಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

"ಹೆದರ್ಬೇಡ ಮಾರಾಯ," ಎಂದಳು ಹರಿಣಿ. "ಆಸ್ಪತ್ರೆಯಲ್ಲಿ ಕಂಡದ್ದನ್ನು ಬಿಲ್ಡಿಂಗಿನಲ್ಲಿ ಹೇಳುವ ಅಭ್ಯಾಸ ನಂಗಿಲ್ಲ. ಬಾ, ಒಂದು ಚಾ ಕುಡಿಯುವ."

"ಚಾ ಬೇಡ ಅಕ್ಕ." ಚಾ ಕುಡಿಯಬೇಕಾದರೆ ಮಾಸ್ಕ್ ತೆಗೆಯಬೇಕಲ್ಲ.

ಹರಿಣಿಗೆ ಅರ್ಥವಾಯಿತು. "ಸರಿ, ನಾನು ಕುಡೀತೇನೆ. ನೀನು ಸುಮ್ನೆ ಕೂತ್ಕೋ."

ಕ್ಯಾಂಟೀನಿನ ಮೂಲೆಯಲ್ಲಿ ಕೂತ ಮೇಲೆ ಸಂತು ಮೂಗು, ಸೂಜಿ, ಕ್ಲಿನಿಕ್ಕು ಎಲ್ಲವನ್ನೂ ಹೇಳಿಕೊಂಡ. ಕೊನೆಗೆ ಅಂದ, "ನನ್ನನ್ನ ಹುಚ್ಚ ಅಂದ್ರು ಅಕ್ಕ."

"ಹಾಗಂತ ಹೇಳಿದ್ರಾ?"

"ಹೇಳ್ಲಿಲ್ಲ. ಮನಸ್ಸಿನ ಡಾಕ್ಟ್ರ ಹತ್ರ ಹೋಗು ಅಂದ್ರು. ಅಷ್ಟು ಸಾಕಲ್ವಾ?"

"ಹಲ್ಲಿನ ಡಾಕ್ಟ್ರ ಹತ್ರ ಹೋಗು ಅಂದ್ರೆ ನಿಂಗೆ ಹಲ್ಲೇ ಇಲ್ಲ ಅಂತ ಅರ್ಥವಾ?" ಎಂದಳು ಹರಿಣಿ. ಸಂತುವಿಗೆ ನಗು ಬರಲಿಲ್ಲ. ಅವಳೂ ನಗಲಿಲ್ಲ. ಚಾದ ಲೋಟ ಬದಿಗಿಟ್ಟು ಕೇಳಿದಳು. "ಒಂದು ಮಾತು ನೇರ ಕೇಳ್ತೇನೆ ಸಂತು. ಬದುಕಿದ್ದು ಸಾಕು ಅಂತ ಯಾವತ್ತಾದ್ರೂ ಅನಿಸಿದ್ದುಂಟಾ?"

ಇಷ್ಟು ವರ್ಷದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ಸಂತುವಿನ ಕಣ್ಣು ತುಂಬಿ ಮಾಸ್ಕ್ ಒದ್ದೆಯಾಯಿತು. "ಉಂಟು," ಎಂದ. "ತಂಗಿ ಮದುವೆ ದಿನ. ಈಗ ಅಷ್ಟಿಲ್ಲ."

ಹರಿಣಿ ಬೈಯಲಿಲ್ಲ, ಬುದ್ಧಿವಾದ ಹೇಳಲಿಲ್ಲ. "ಹೇಳಿದ್ದು ಒಳ್ಳೇದಾಯ್ತು," ಎಂದಳು. ಸರ್ಕಾರದ ಸಹಾಯವಾಣಿಯ ನಂಬರನ್ನು ಅವನ ಫೋನಿನಲ್ಲಿ ತಾನೇ ಹಾಕಿಕೊಟ್ಟಳು, ತನ್ನ ನಂಬರನ್ನೂ. "ಪುನಃ ಹಾಗನಿಸಿದ್ರೆ ಎಷ್ಟು ಹೊತ್ತಾದ್ರೂ ಫೋನ್ ಮಾಡ್ಬೇಕು. ಮೇಲಿನ ಓಪಿಡಿ ಇವತ್ತು ಮುಗೀತು, ನಾಡಿದ್ದು ಉಂಟು. ಒಬ್ಬನೇ ಬರ್ಬೇಡ. ಮಾವನಿಗೆ ಹೇಳು."

"ಮಾವನಿಗೆ ಹೇಗೆ ಹೇಳುದು ಅಕ್ಕ? ಇದು ಅವರದ್ದೇ ಮೂಗು."

"ಕಷ್ಟ ಉಂಟು," ಎಂದಳು ಹರಿಣಿ. "ಆದ್ರೂ ಹೇಳು. ಬೇಕಾದ್ರೆ ನನ್ನನ್ನು ಕರಿ."

ಹೇಳುವ ಧೈರ್ಯ ಸಂತುವಿಗೆ ಬರುತ್ತಿತ್ತೋ ಇಲ್ಲವೋ, ಆದರೆ ಅದಕ್ಕೆ ಅವಕಾಶವೇ ಸಿಗಲಿಲ್ಲ. ಮರುದಿನ ಫೋನನ್ನು ಗಲ್ಲೆಯ ಮೇಲೆ ಬಿಟ್ಟು ಚಿಲ್ಲರೆ ತರಲು ಪಕ್ಕದಂಗಡಿಗೆ ಹೋಗಿದ್ದ. ಫೋನ್ ಹೊಡೆದುಕೊಂಡಿತು, ಮಾವ ಎತ್ತಿದರು. ಕ್ಲಿನಿಕ್ಕಿನ ಹುಡುಗಿ ಹಿಂದಿಯಲ್ಲಿ ಹೇಳಿದಳು, ಬರುವ ಶುಕ್ರವಾರ ಆಪರೇಷನ್, ಖಾಲಿ ಹೊಟ್ಟೆಯಲ್ಲಿ ಬನ್ನಿ. ಶೇಖರ ಶೆಟ್ಟರು ಅಳಿಯ ಬಂದೊಡನೆ ಕೈಹಿಡಿದು ಅಕ್ಕಿಮೂಟೆಗಳ ಹಿಂದೆ ಎಳೆದುಕೊಂಡು ಹೋದರು.

"ಎಂತ ಆಪರೇಷನ್? ಎದೆಯದ್ದಾ? ಹೊಟ್ಟೆಯದ್ದಾ? ನನ್ನತ್ರ ಹೇಳ್ಲಿಕ್ಕೆ ಎಂತ ಆಗಿತ್ತು ನಿಂಗೆ?"

"ಮೂಗಿನದ್ದು ಮಾವ."

"ಮೂಗಿಗೆ ಎಂತಾಗಿದೆ?"

ಸಂತು ಮಾಸ್ಕ್ ತೆಗೆದ. ಮಾವನ ಎದುರು ಮಾಸ್ಕ್ ತೆಗೆದು ನಿಲ್ಲದೆ ಎಷ್ಟು ಕಾಲವಾಗಿತ್ತೋ. "ನೋಡಿ. ನಿಮ್ಮ ಹಾಗೇ ಉಂಟು. ನಂಗೆ ಇದನ್ನು ನೋಡ್ಲಿಕ್ಕೆ ಆಗುದಿಲ್ಲ. ತಂಗಿ ಮದುವೆಗೆ ಬರದಿದ್ದದ್ದು ಜ್ವರದಿಂದ ಅಲ್ಲ, ಇದರಿಂದ. ನಿಮ್ಮ ಪಕ್ಕ ನಿಲ್ಲುವ ಧೈರ್ಯ ನಂಗಿರ್ಲಿಲ್ಲ."

ಶೇಖರ ಶೆಟ್ಟರ ಕೈ ತಾನಾಗಿಯೇ ತಮ್ಮ ಮೂಗಿನ ಮೇಲೆ ಹೋಯಿತು. ಅವರಿಗೆ ನೋವಾಯಿತು. ಆಗದೆ ಇರುತ್ತದೆಯೇ? ಹೋಟೆಲು, ಮನೆ, ಹೆಸರು ಯಾವುದರ ಬಗ್ಗೆಯೂ ಅವರಿಗೆ ಅಳಿಯನಿಗೆ ಬಂದ ಆ ಮೂಗಿನಷ್ಟು ಹೆಮ್ಮೆಯಿರಲಿಲ್ಲ. "ಚಂದ ಉಂಟಲ್ಲ ಮಾರಾಯ," ಎಂದರು, ಅಷ್ಟೇ ಹೊಳೆದದ್ದು. ಆಮೇಲೆ ಆಸ್ಪತ್ರೆಯ ಡಾಕ್ಟರಮ್ಮ ಹೇಳಿದ್ದನ್ನು ಸಂತು ತಿಳಿಸಿದಾಗ ನೋವು ಸಿಟ್ಟಾಯಿತು. "ಮನಸ್ಸಿನ ಡಾಕ್ಟ್ರಾ? ನಮ್ಮ ಮನೆತನದಲ್ಲಿ ಯಾರಿಗೂ ತಲೆ ಕೆಟ್ಟದ್ದಿಲ್ಲ. ನಾಳೆ ನಿಂಗೆ ಹೆಣ್ಣು ಕೊಡುದು ಯಾರು?"

ಸಂತು ಹೊರಗೆ ಹೋಗಿ ಹರಿಣಿಗೆ ಫೋನ್ ಮಾಡಿದ. ಅವಳು ಡ್ಯೂಟಿ ಮುಗಿಸಿ ನೇರ ಹೋಟೆಲಿಗೇ ಬಂದಳು. ಮೂಲೆಯ ಟೇಬಲಿನಲ್ಲಿ ಮೂವರೂ ಕೂತರು.

"ಶೇಖರಣ್ಣ, ನಿಮಗೆ ಶುಗರ್ ಉಂಟಲ್ಲ?" ಎಂದು ಹರಿಣಿ ಸುರುಮಾಡಿದಳು.

"ಉಂಟು. ಅದಕ್ಕೂ ಇದಕ್ಕೂ ಎಂತ ಸಂಬಂಧ?"

"ಮನಸ್ಸು ಗಟ್ಟಿ ಮಾಡಿ ಇಳಿಸಿದ್ರಾ, ಮಾತ್ರೆ ತಗೊಂಡು ಇಳಿಸಿದ್ರಾ?"

"ಮಾತ್ರೆ," ಎಂದರು ಶೆಟ್ಟರು ಮುಖ ಗಂಟು ಹಾಕಿ.

"ಇದೂ ಹಾಗೇ. ಇದಕ್ಕೆ ಬಾಡಿ ಡಿಸ್ಮಾರ್ಫಿಕ್ ಡಿಸಾರ್ಡರ್ ಅಂತ ಹೆಸರುಂಟು. ಇದೇ ಹೌದಾ ಅಂತ ಡಾಕ್ಟ್ರು ಪರೀಕ್ಷೆ ಮಾಡಿ ಹೇಳ್ಬೇಕು. ಬೇರೆಯವರಿಗೆ ಕಾಣದ ಕುಂದು, ಇಲ್ಲದಿದ್ರೆ ಕಂಡೂ ಕಾಣದಷ್ಟು ಸಣ್ಣದ್ದು, ಇವರಿಗೆ ಬೆಟ್ಟದಷ್ಟು ಕಾಣ್ತದೆ. ಶೋಕಿ ಅಲ್ಲ ಅದು, ಹಟ ಅಲ್ಲ. ಯೋಚನೆ ಅಲ್ಲೇ ಸಿಕ್ಕಿಹಾಕ್ಕೊಳ್ತದೆ."

"ಹಾಗಾದ್ರೆ ಆಪರೇಷನ್ ಮಾಡಿಸಿಬಿಡುವ. ಕಾಯಿಲೆಯ ಬುಡವೇ ಹೋಯ್ತಲ್ಲ. ಖರ್ಚು ನಾನು ನೋಡ್ತೇನೆ." ಹೀಗೆ ಹೇಳುವಾಗ ಶೆಟ್ಟರಿಗೆ ತನ್ನ ಮೂಗನ್ನು ಕತ್ತರಿಸಲು ತಾನೇ ಒಪ್ಪಿಗೆ ಕೊಟ್ಟ ಹಾಗಾಗಿತ್ತು.

"ಬುಡ ಮೂಗಿನಲ್ಲಿ ಇಲ್ಲ ಶೇಖರಣ್ಣ. ಸೂಜಿ ಹಾಕಿಸಿ ಎಂತಾಯ್ತು ಅಂತ ಅವನನ್ನೇ ಕೇಳಿ. ಈ ಕಾಯಿಲೆ ಇದ್ದವರಿಗೆ ಆಪರೇಷನ್ ಮಾಡಿದ್ರೂ ಹೆಚ್ಚಿನವರಿಗೆ ಸಮಾಧಾನ ಆಗುದಿಲ್ಲ. ಮೂಗು ಆದ್ಮೇಲೆ ಗದ್ದ, ಗದ್ದ ಆದ್ಮೇಲೆ ಕೆನ್ನೆ. ಮುಖದ ಸರ್ಜರಿಗೆ ಬರುವವರೆಲ್ಲ ಹೀಗಲ್ಲ. ಸುಟ್ಟ ಗಾಯದವರು, ಆಕ್ಸಿಡೆಂಟ್ ಆದವರು, ಸೀಳುತುಟಿಯ ಮಕ್ಕಳು ಬರ್ತಾರೆ. ಸುಮ್ನೆ ಆಸೆಯಿಂದ ಬರುವವರೂ ಇದ್ದಾರೆ, ಅದೂ ತಪ್ಪಲ್ಲ. ಆದ್ರೆ ಚೂರಿ ಹಿಡಿಯುವ ಮೊದಲು ಮನಸ್ಸು ಹೇಗುಂಟು ಅಂತ ಕೇಳ್ಬೇಕು. ನಮ್ಮ ಡಾಕ್ಟ್ರಮ್ಮ ಕೇಳಿದ್ರು. ಆ ಕ್ಲಿನಿಕ್ಕಿನವರು ಕೇಳ್ಲಿಲ್ಲ."

"ವಾಸಿ ಆಗ್ತದಾ?"

"ತುಂಬ ಜನರಿಗೆ ಕಮ್ಮಿ ಆಗ್ತದೆ. ಮಾತಿನ ಚಿಕಿತ್ಸೆ ಉಂಟು, ಬೇಕಾದ್ರೆ ಮಾತ್ರೆ. ತಿಂಗಳುಗಟ್ಟಲೆ ಬಿಡದೆ ಮಾಡ್ಬೇಕು. ಮತ್ತೆ, ಚಂದ ಉಂಟು ಚಂದ ಉಂಟು ಅಂತ ಹೇಳಿ ಪ್ರಯೋಜನ ಇಲ್ಲ. ಆ ಮಾತು ಅವನ ಕಿವಿಗೆ ಹೋಗುದಿಲ್ಲ."

ಶೇಖರ ಶೆಟ್ಟರು ಎದುರಿನ ನೀರಿನ ಲೋಟವನ್ನು ಪಕ್ಕಕ್ಕೆ ಸರಿಸಿದರು. "ನಾನು ಮಾಸ್ಕನ್ನು ಹೊಗಳಿದೆ," ಎಂದರು. "ಇಷ್ಟು ವರ್ಷ. ಎಲ್ಲರ ಎದುರು."

ಸಂತು ಮಾವನ ಮುಖ ನೋಡಿದ. ಹೋಟೆಲಿನಲ್ಲಿ ಜೋರು ಬಾಯಿಯ ಮನುಷ್ಯ, ಈಗ ಮುದುಕನ ಹಾಗೆ ಕಂಡರು.

ಶುಕ್ರವಾರದ ಆಪರೇಷನ್ನನ್ನು ಸಂತು ತಾನೇ ಫೋನ್ ಮಾಡಿ ಬೇಡವೆಂದ. ಮರುದಿನ ಬೆಳಿಗ್ಗೆ ಶೇಖರ ಶೆಟ್ಟರು ಗಲ್ಲೆಯನ್ನು ಬೇರೆಯವರ ಕೈಗೆ ಕೊಟ್ಟು ಅಳಿಯನ ಜೊತೆ ಆಸ್ಪತ್ರೆಯ ಮೆಟ್ಟಿಲು ಹತ್ತಿದರು. ಮನೋರೋಗ ವಿಭಾಗದ ಹೊರಗೆ ಒಂದು ಉದ್ದ ಬೆಂಚು. ಇಬ್ಬರೂ ಕೂತರು. ಶೆಟ್ಟರು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತ, ಯಾರಾದರೂ ಗುರುತಿನವರು ಬಂದಾರೋ ಎಂದು ಮೆಟ್ಟಿಲಿನ ಕಡೆಗೇ ನೋಡುತ್ತಿದ್ದರು. ಹೆದರಿದ ಹಾಗೇ ಆಯಿತು. ಮೆಟ್ಟಿಲು ಹತ್ತಿ ಬಂದವನು ಅಣ್ಣು.

ಅಣ್ಣು ಊರ ಕಡೆಯವನೇ, ಮದುವೆ ಮನೆಗಳಿಗೆ ಅಡುಗೆ ಹಿಡಿಯುವವನು. ಅವನಿಗೆ ಗೊತ್ತಾದ ಸುದ್ದಿ ಉಡುಪಿ ತಲುಪಲು ರೈಲು ಬೇಡ.

"ಏನು ಶೇಖರಣ್ಣ, ಇಲ್ಲಿ?"

ಸಂತು ನೆಲ ನೋಡಿದ. ಮಾವ ಈಗ ಏನಾದರೊಂದು ಹೇಳುತ್ತಾರೆ ಎಂದು ಅವನಿಗೆ ಗೊತ್ತಿತ್ತು. ಯಾರನ್ನೋ ನೋಡಲು ಬಂದದ್ದು, ದಾರಿ ತಪ್ಪಿತು, ಕಣ್ಣಿನ ವಿಭಾಗ ಎಲ್ಲಿ. ಸುಳ್ಳಿಗೆ ಏನು ಬರ. ಅವನು ತಾನೇ ಅಂಥ ಎಷ್ಟೋ ಸುಳ್ಳು ಹೇಳಿದ್ದ.

"ನನ್ನ ಅಳಿಯನಿಗೆ ಮನಸ್ಸಿಗೆ ಹುಷಾರಿಲ್ಲ ಅಣ್ಣು," ಎಂದರು ಶೇಖರ ಶೆಟ್ಟರು, ಹೋಟೆಲಿನಲ್ಲಿ ಮಾತಾಡುವ ಅದೇ ದನಿಯಲ್ಲಿ. "ಡಾಕ್ಟ್ರಿಗೆ ತೋರಿಸ್ಲಿಕ್ಕೆ ಬಂದದ್ದು."

ಸಂತು ತಲೆಯೆತ್ತಿದ. ಇಷ್ಟು ವರ್ಷ ಒಬ್ಬನೇ ಹೊತ್ತದ್ದನ್ನು ಇನ್ನೊಬ್ಬರು ಹೀಗೆ ಎಲ್ಲರೆದುರು ಎತ್ತಿ ಹಿಡಿಯಬಹುದು ಎಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ಅಣ್ಣು, "ಸ್ವಲ್ಪ ಆಚೆ ಸರಿಯಿರಿ ಶೇಖರಣ್ಣ," ಎಂದು ಬೆಂಚಿನ ತುದಿಯಲ್ಲಿ ಕೂತ. ಕೈಯ ಚೀಲವನ್ನು ಮಡಿಲಿನಲ್ಲಿಟ್ಟುಕೊಂಡು, ಯಾರ ಮುಖವನ್ನೂ ನೋಡದೆ ಹೇಳಿದ. "ನಂಗೆ ನಿದ್ರೆ ಬಾರದೆ ವರ್ಷ ಆಯ್ತು. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ."

ಶೆಟ್ಟರು ಅಳಿಯನ ಕಡೆ ಒತ್ತಿಕೊಂಡು ಅಣ್ಣುವಿಗೆ ಇನ್ನಷ್ಟು ಜಾಗ ಮಾಡಿಕೊಟ್ಟರು.

ಸಂತುವಿನ ಚಿಕಿತ್ಸೆ ಈಗಲೂ ನಡೆಯುತ್ತಿದೆ. ಕೆಲವು ದಿನ ಎಲ್ಲರ ಜೊತೆ ಕೂತು ಉಣ್ಣುತ್ತಾನೆ, ಕೆಲವು ದಿನ ಆಗುವುದಿಲ್ಲ. ಆಗದ ದಿನ ಮಾವ ಬೈಯುವುದೂ ಇಲ್ಲ, ಹೊಗಳುವುದೂ ಇಲ್ಲ. "ಇವತ್ತು ಹೇಗುಂಟು?" ಎಂದು ಕೇಳುತ್ತಾರೆ. ತೆಂಗಿನಕಾಯಿಯ ಮಾತು ಆಮೇಲೆ.

ಓದಿದ, ಕೇಳಿದ ಬಂಧುಗಳೇ, ನಿಮ್ಮ ಮನೆಯಲ್ಲೂ ಇಂಥವರಿರಬಹುದು. ಗಂಟೆಗಟ್ಟಲೆ ಕನ್ನಡಿ ನೋಡುವವರು, ಇಲ್ಲವೇ ಕನ್ನಡಿಗೇ ಹೆದರುವವರು. ಮುಖ ಮುಚ್ಚಿಕೊಂಡು ಓಡಾಡುವವರು, ಫೋಟೋ ಎಂದರೆ ತಪ್ಪಿಸಿಕೊಳ್ಳುವವರು, ಒಂದಾದ ಮೇಲೊಂದು ಕ್ಲಿನಿಕ್ ಹತ್ತಿ ಇಳಿಯುವವರು. ಶೋಕಿ ಎಂದು ಬೈಯಬೇಡಿ, ಹುಚ್ಚು ಎಂದು ಮುಚ್ಚಿಡಬೇಡಿ. ಆಪರೇಷನ್ನಿಗೆ ಒಪ್ಪುವ ಮೊದಲು ಮನಸ್ಸಿನ ಡಾಕ್ಟರನ್ನು ಕಾಣಿ. ಬದುಕು ಬೇಡ ಎಂಬ ಮಾತು ಬಂದರೆ ತಡಮಾಡಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ಯಾವಾಗ ಬೇಕಾದರೂ ಪುಕ್ಕಟೆ, ಕನ್ನಡದಲ್ಲೂ ಮಾತಾಡಬಹುದು. ಮದ್ದು ಕೊಡುವುದು ಡಾಕ್ಟರ ಕೆಲಸ. ಆ ಬೆಂಚಿನ ಮೇಲೆ ಪಕ್ಕದಲ್ಲಿ ಕೂರುವುದು ನಮ್ಮ ಕೆಲಸ. ಹೋಗಿ ಕೂತುಕೊಳ್ಳಿ.